ಅಗ್ಗದ ಟಿಕೆಟ್, ಭಾರದ ಚೀಲ: ಕಡಿಮೆ ದರದ ವಿಮಾನಗಳಲ್ಲಿ ಸಾಮಾನು ನಿಯಮ ಮತ್ತು ಹೆಚ್ಚುವರಿ ಶುಲ್ಕಗಳ ಕುರಿತು ಒಂದು ಅವಲೋಕನ

ವಿಮಾನ ಪ್ರಯಾಣವು ಕೆಲವೇ ಅನುಕೂಲಸ್ಥರಿಗೆ ಮಾತ್ರ ಸೀಮಿತವಾಗಿದ್ದ ಕಾಲವೊಂದಿತ್ತು. ಹಾಸನ ಜಿಲ್ಲೆಯ ಗೊರೂರಿನವರಾದ ಕ್ಯಾಪ್ಟನ್ ಗೋಪಿನಾಥ್ ಅವರು ಸ್ಥಾಪಿಸಿದ ಏರ್ ಡೆಕ್ಕನ್ ಸಂಸ್ಥೆಯು 2003ನೇ ಸಾಲಿನಲ್ಲಿ ಬೆಂಗಳೂರಿನಿಂದ ಹುಬ್ಬಳ್ಳಿಗೆ ವಿಮಾನ ಹಾರಿಸಿದ ನಂತರ ಈ ಚಿತ್ರ ಬದಲಾಯಿತು. ಆ ವಿಮಾನಗಳಲ್ಲಿ ಆಸನ ಸಂಖ್ಯೆ ಇರಲಿಲ್ಲ. ಬಸ್ಸಿನಂತೆ ಮೊದಲು ಹತ್ತಿದವರು ಮೊದಲು ಕೂರುತ್ತಿದ್ದರು. ತಿಂಡಿ ಬೇಕಾದವರು ಹಣ ಕೊಟ್ಟು ಕೊಳ್ಳಬೇಕಿತ್ತು. 2005ರಲ್ಲಿ ಸ್ಪೈಸ್‌ಜೆಟ್ ಮತ್ತು ಗೋಏರ್, 2006ರಲ್ಲಿ ಇಂಡಿಗೋ ಸಂಸ್ಥೆಗಳು ಇದೇ ಹಾದಿ ಹಿಡಿದವು. ಏರ್ ಡೆಕ್ಕನ್ ಕೆಲವೇ ವರ್ಷಗಳಲ್ಲಿ ಕಿಂಗ್‌ಫಿಷರ್ ಸಂಸ್ಥೆಯೊಡನೆ ವಿಲೀನಗೊಂಡಿತು, ಗೋ ಫಸ್ಟ್ ಎಂದು ಹೆಸರು ಬದಲಿಸಿಕೊಂಡ ಗೋಏರ್ 2023ರ ಮೇ ತಿಂಗಳಲ್ಲಿ ಹಾರಾಟ ನಿಲ್ಲಿಸಿತು. ಆದರೆ ಅವು ಆರಂಭಿಸಿದ ವ್ಯವಹಾರ ಪದ್ಧತಿ ಉಳಿಯಿತಷ್ಟೇ ಅಲ್ಲ, ಇಂದು ದೇಶದೊಳಗಿನ ಬಹುಪಾಲು ಪ್ರಯಾಣಿಕರು ಪಯಣಿಸುತ್ತಿರುವುದು ಅದೇ ಪದ್ಧತಿಯಲ್ಲಿ.

ಸದರಿ ಪದ್ಧತಿಯ ತಿರುಳು ಸರಳವಾಗಿದೆ. ಟಿಕೆಟ್ಟಿನ ದರದಲ್ಲಿ ಆಸನವೊಂದನ್ನು ಮಾತ್ರ ಮಾರುವುದು. ಊಟ, ಕಿಟಕಿಯ ಬದಿಯ ಜಾಗ, ಸಾಮಾನು ಸಾಗಣೆ ಮುಂತಾದ ಉಳಿದೆಲ್ಲವನ್ನೂ ಬೇರೆ ಬೇರೆಯಾಗಿ ಮಾರುವುದು. ಬೇಡದವನು ಬೇಕಾದವನ ಖರ್ಚನ್ನು ಹೊರಬಾರದೆಂಬ ವಾದದಲ್ಲಿ ನ್ಯಾಯವಿಲ್ಲದೇ ಇಲ್ಲ. ಒಂದೇ ಕಡತದ ಚೀಲ ಹಿಡಿದು ಬೆಳಿಗ್ಗೆ ಬೆಳಗಾವಿಯಿಂದ ಹೊರಟು ಸಂಜೆಗೆ ಮರಳುವ ವ್ಯಾಪಾರಸ್ಥನು ಮತ್ತೊಬ್ಬರ ಮದುವೆ ಪೆಟ್ಟಿಗೆಗಳ ವೆಚ್ಚವನ್ನು ಏಕೆ ತೆರಬೇಕು? ಆದಾಗ್ಯೂ ಶುಲ್ಕದ ವಿಷಯ ಪ್ರಯಾಣಿಕನಿಗೆ ತಿಳಿಯುವುದು ಟಿಕೆಟ್ ಕೊಳ್ಳುವಾಗಲೋ, ವಿಮಾನ ನಿಲ್ದಾಣದ ಕೌಂಟರಿನ ಮುಂದೆ ನಿಂತಾಗಲೋ ಎಂಬ ಪ್ರಶ್ನೆಯ ಮೇಲೆ ಈ ವಾದದ ನ್ಯಾಯಾನ್ಯಾಯ ನಿಂತಿದೆ.

ನಿಯಮಗಳು ಬೆಳೆದು ಬಂದ ಬಗೆ

1994ರಲ್ಲಿ ವಾಯು ನಿಗಮಗಳ ಕಾಯ್ದೆಯು ರದ್ದಾದ ತರುವಾಯ ವಿಮಾನ ದರವನ್ನು ಸರ್ಕಾರವು ಸಾಮಾನ್ಯವಾಗಿ ನಿಗದಿಪಡಿಸುವುದಿಲ್ಲ. ದರ ನಿರ್ಧಾರ ಸಂಸ್ಥೆಗಳಿಗೆ ಬಿಟ್ಟ ವಿಷಯ. ನಾಗರಿಕ ವಿಮಾನಯಾನ ಮಹಾನಿರ್ದೇಶನಾಲಯವು, ಅಂದರೆ ಡಿ.ಜಿ.ಸಿ.ಎ.ಯು, 2013ರಲ್ಲಿ ಕೆಲವು ಸೇವೆಗಳಿಗೆ ಪ್ರತ್ಯೇಕ ಶುಲ್ಕ ವಿಧಿಸಲು ಅನುಮತಿ ನೀಡಿತು. ಇಷ್ಟದ ಆಸನ, ಕುಡಿಯುವ ನೀರನ್ನು ಹೊರತುಪಡಿಸಿ ಊಟ-ತಿಂಡಿ-ಪಾನೀಯ, ವಿಶ್ರಾಂತಿ ಕೊಠಡಿ, ಚೆಕ್-ಇನ್ ಲಗೇಜು, ಕ್ರೀಡಾ ಸಲಕರಣೆ, ಸಂಗೀತ ವಾದ್ಯ, ಬೆಲೆಬಾಳುವ ವಸ್ತುಗಳ ವಿಶೇಷ ಘೋಷಣೆ ಇವೇ ಆ ಸೇವೆಗಳು. ಇವುಗಳನ್ನು ಪ್ರಯಾಣಿಕನು ತಾನಾಗಿ ಆಯ್ದುಕೊಂಡರೆ ಮಾತ್ರ ಸೇರಿಸಬೇಕು, ಮೊದಲೇ ಗುರುತು ಹಾಕಿಟ್ಟು ‘ಬೇಡವಾದರೆ ತೆಗೆಯಿರಿ’ ಎನ್ನುವಂತಿಲ್ಲ ಎಂಬ ಷರತ್ತನ್ನೂ ವಿಧಿಸಲಾಯಿತು. ಇದೇ ವರ್ಷ ಖಾಸಗಿ ಸಂಸ್ಥೆಗಳು ಉಚಿತ ಲಗೇಜಿನ ಮಿತಿಯನ್ನು 20 ಕಿ.ಗ್ರಾಂ.ನಿಂದ 15 ಕಿ.ಗ್ರಾಂ.ಗೆ ಇಳಿಸಿದವು. ಆ ಐದು ಕಿಲೋ ಮತ್ತೆ ಮರಳಿ ಬರಲಿಲ್ಲ. ಏರ್ ಇಂಡಿಯಾ ಸಂಸ್ಥೆ ಬಹುಕಾಲ ಹೆಚ್ಚಿನ ಮಿತಿಯನ್ನು ಕಾಯ್ದುಕೊಂಡಿತ್ತಾದರೂ 2024ರಲ್ಲಿ ತನ್ನ ಅತ್ಯಂತ ಅಗ್ಗದ ದರದ ಟಿಕೆಟ್ಟಿಗೆ ಅದೇ 15 ಕಿ.ಗ್ರಾಂ. ಎಂದು ನಿಗದಿಪಡಿಸಿತು.

ಮಧ್ಯದಲ್ಲಿ ಒಮ್ಮೆ ನಿಯಂತ್ರಣದ ಪ್ರಯತ್ನ ನಡೆದದ್ದುಂಟು. 15 ಕಿ.ಗ್ರಾಂ. ಮೀರಿದ ಪ್ರತಿ ಕಿಲೋಗೆ ಸುಮಾರು ರೂ. 300 ವಸೂಲಾಗುತ್ತಿದ್ದ ಸಮಯದಲ್ಲಿ, 2016ರಲ್ಲಿ ಡಿ.ಜಿ.ಸಿ.ಎ.ಯು ಒಂದು ಆದೇಶ ಹೊರಡಿಸಿ, 20 ಕಿ.ಗ್ರಾಂ. ವರೆಗೆ ಪ್ರತಿ ಕಿಲೋಗೆ ರೂ. 100ಕ್ಕಿಂತ ಹೆಚ್ಚು ಪಡೆಯಬಾರದೆಂದು ವಿಧಿಸಿತು. ವಿಮಾನಯಾನ ಸಂಸ್ಥೆಗಳು ಇದನ್ನು ಪ್ರಶ್ನಿಸಿದವು. ದೆಹಲಿ ಉಚ್ಚ ನ್ಯಾಯಾಲಯವು 2017ರಲ್ಲಿ ಸದರಿ ಮಿತಿಯನ್ನು ರದ್ದುಪಡಿಸಿತು. 2018ರ ವೇಳೆಗೆ ದರ ಕಿಲೋಗೆ ರೂ. 400ರ ಮಟ್ಟ ತಲುಪಿತ್ತು. ನೂರು ರೂಪಾಯಿಯ ಮಿತಿ ಬಾಳಿದ್ದು ಒಂದು ವರ್ಷದ ಆಸುಪಾಸು ಮಾತ್ರ.

2021ರ ಫೆಬ್ರುವರಿಯಲ್ಲಿ ಇನ್ನೊಂದು ಹೆಜ್ಜೆ ಇಡಲಾಯಿತು. ಚೆಕ್-ಇನ್ ಲಗೇಜು ಇಲ್ಲದೆ, ಕೇವಲ ಕೈಚೀಲದೊಡನೆ ಪಯಣಿಸುವವರಿಗೆ ರಿಯಾಯಿತಿ ದರದ ಟಿಕೆಟ್ ನೀಡಲು ಸಂಸ್ಥೆಗಳಿಗೆ ಅವಕಾಶ ಕಲ್ಪಿಸಲಾಯಿತು. ಇದರ ಜೊತೆಗಿದ್ದ ಷರತ್ತನ್ನು ಗ್ರಾಹಕರು ನೆನಪಿನಲ್ಲಿಡುವುದು ಒಳಿತು. ಅಂತಹ ಟಿಕೆಟ್ ಪಡೆದವರು ಒಂದು ವೇಳೆ ಲಗೇಜಿನೊಡನೆ ಕೌಂಟರಿಗೆ ಬಂದಲ್ಲಿ ಎಷ್ಟು ಶುಲ್ಕ ತೆರಬೇಕಾಗುತ್ತದೆ ಎಂಬುದನ್ನು ಟಿಕೆಟ್ ಕಾಯ್ದಿರಿಸುವಾಗಲೇ ಎದ್ದು ಕಾಣುವಂತೆ ತಿಳಿಸಬೇಕು, ಆ ಶುಲ್ಕ ಸಮಂಜಸವಾಗಿರಬೇಕು ಮತ್ತು ಟಿಕೆಟ್ಟಿನ ಮೇಲೆ ಮುದ್ರಿತವಾಗಿರಬೇಕು. ಏರ್ ಇಂಡಿಯಾ ಎಕ್ಸ್‌ಪ್ರೆಸ್ ಸಂಸ್ಥೆಯು 2024ರಲ್ಲಿ ಇಂತಹ ಲಗೇಜುರಹಿತ ದರವನ್ನು ಜಾರಿಗೆ ತಂದಿತು.

ಕೈಚೀಲ: ಒಂದು ಎನ್ನುವುದು ಯಾರ ನಿಯಮ, ಏಳು ಕಿಲೋ ಎನ್ನುವುದು ಯಾರ ನಿಯಮ?

ಪ್ರಯಾಣಿಕರಲ್ಲಿ ಅತಿ ಹೆಚ್ಚು ಗೊಂದಲ ಇರುವುದು ಇಲ್ಲಿಯೇ. ಪ್ರತಿ ಪ್ರಯಾಣಿಕನಿಗೆ ಒಂದೇ ಕೈಚೀಲ ಎಂಬುದು ನಾಗರಿಕ ವಿಮಾನಯಾನ ಭದ್ರತಾ ಬ್ಯೂರೋ 2000ನೇ ಸಾಲಿನಿಂದಲೂ ಹೇಳುತ್ತಾ ಬಂದಿರುವ ಭದ್ರತಾ ನಿಯಮ. ಮಹಿಳೆಯರ ವ್ಯಾನಿಟಿ ಬ್ಯಾಗಿನಂತಹ ಕೆಲವು ವಸ್ತುಗಳಿಗೆ ಅದರಲ್ಲಿ ವಿನಾಯಿತಿ ಇದೆ. ತಪಾಸಣಾ ಸ್ಥಳಕ್ಕೆ ಜನರು ಸರಾಸರಿ ಎರಡು ಮೂರು ಚೀಲ ತರುತ್ತಿರುವುದರಿಂದ ವಿಳಂಬವಾಗುತ್ತಿದೆ ಎಂಬ ಕಾರಣ ನೀಡಿ 2022ರ ಜನವರಿಯಲ್ಲಿ ಈ ನಿಯಮವನ್ನು ಕಟ್ಟುನಿಟ್ಟಾಗಿ ಪಾಲಿಸುವಂತೆ ಬ್ಯೂರೋ ಸೂಚಿಸಿತು. ಕ್ಷಕಿರಣ ಯಂತ್ರದ ಮುಂದೆ ಕೂತ ಸಿಬ್ಬಂದಿ ಚೀಲಗಳನ್ನು ಎಣಿಸುತ್ತಾರೆ, ಒಳಗೇನಿದೆ ಎಂದು ನೋಡುತ್ತಾರೆ, ತೂಗುವುದಿಲ್ಲ.

ತೂಗುವವರು ವಿಮಾನಯಾನ ಸಂಸ್ಥೆಯವರು. ದೇಶದ ಪ್ರಮುಖ ಸಂಸ್ಥೆಗಳ ಎಕಾನಮಿ ದರ್ಜೆಯಲ್ಲಿ ಕೈಚೀಲದ ತೂಕ 7 ಕಿ.ಗ್ರಾಂ., ಉದ್ದ-ಅಗಲ-ಎತ್ತರ ಕೂಡಿಸಿದರೆ 115 ಸೆಂ.ಮೀ. ಮೀರಬಾರದು, ಎಂದರೆ 55, 40 ಮತ್ತು 20 ಸೆಂ.ಮೀ.ನ ಪೆಟ್ಟಿಗೆ ಸರಿಯಾಗಿ ಹೊಂದುತ್ತದೆ. ಇದರ ಜೊತೆಗೆ ಲ್ಯಾಪ್‌ಟಾಪ್ ಚೀಲ ಅಥವಾ ವ್ಯಾನಿಟಿ ಬ್ಯಾಗಿಗೆ ಸಂಸ್ಥೆಗಳು ಪ್ರತ್ಯೇಕ ಅವಕಾಶ ನೀಡುವುದುಂಟು. ಆದ್ದರಿಂದ ‘ಭದ್ರತಾ ನಿಯಮ, ನಾವೇನೂ ಮಾಡುವಂತಿಲ್ಲ’ ಎಂಬ ಉತ್ತರ ಕೌಂಟರಿನಲ್ಲಿ ದೊರೆತರೆ, ಅದು ಚೀಲಗಳ ಸಂಖ್ಯೆಯ ಕುರಿತೋ ತೂಕದ ಕುರಿತೋ ಎಂದು ವಿಚಾರಿಸಬಹುದು. ಸಂಖ್ಯೆಯ ವಿಷಯವಾದರೆ ಸಿಬ್ಬಂದಿ ಹೇಳಿದ್ದು ಸರಿ. ತೂಕದ ಮೇಲಿನ ಶುಲ್ಕವಾದರೆ ಅದು ವಾಣಿಜ್ಯ ಷರತ್ತು. ಅದನ್ನು ಟಿಕೆಟ್ಟಿನೊಡನೆ ಮೊದಲೇ ತಿಳಿಸಿರಬೇಕು.

ಭದ್ರತಾ ನಿಯಮಗಳಲ್ಲಿಯೂ ಸಂದರ್ಭಾನುಸಾರ ಸಡಿಲಿಕೆ ಆಗಿದೆ. ಶಬರಿಮಲೆಗೆ ತೆರಳುವ ಭಕ್ತರ ಇರುಮುಡಿಯಲ್ಲಿ ತೆಂಗಿನಕಾಯಿ ಇರಲೇಬೇಕು. ಆದರೆ ಕೈಸಾಮಾನಿನಲ್ಲಿ ತೆಂಗಿನಕಾಯಿಗೆ ಅವಕಾಶವಿರಲಿಲ್ಲ. ಈ ಕಾರಣ 2024-25ರ ಯಾತ್ರಾ ಅವಧಿಯಲ್ಲಿ, 2025ರ ಜನವರಿ 20ರವರೆಗೆ, ತಪಾಸಣೆಗೆ ಒಳಪಟ್ಟು ಇರುಮುಡಿಯ ಕಾಯಿಯನ್ನು ಕ್ಯಾಬಿನ್ನಿನಲ್ಲಿ ಒಯ್ಯಲು ಅನುಮತಿಸಲಾಗಿತ್ತು. ಇದಕ್ಕೆ ವಿರುದ್ಧವಾಗಿ, ಪವರ್ ಬ್ಯಾಂಕ್‌ನ್ನು ಕೈಚೀಲದಲ್ಲಿ ಮಾತ್ರ ಇಡಬೇಕು, ಚೆಕ್-ಇನ್ ಲಗೇಜಿನಲ್ಲಿ ಸರ್ವಥಾ ಇಡಬಾರದು. ಲಿಥಿಯಂ ಬ್ಯಾಟರಿ ಹೊತ್ತಿಕೊಂಡರೆ ಸರಕು ಕೋಣೆಯಲ್ಲಿ ನೋಡುವವರಿರುವುದಿಲ್ಲ.

ಸಂಸ್ಥೆಗಳ ಲೆಕ್ಕಾಚಾರ

ಹೀಗೆ ಒಂದೊಂದು ಕಿಲೋಗೂ ಲೆಕ್ಕ ಹಾಕಲು ಕಾರಣಗಳಿವೆ. ಭಾರತದಲ್ಲಿ ವಿಮಾನಯಾನ ಸಂಸ್ಥೆಯ ವೆಚ್ಚದಲ್ಲಿ ಇಂಧನದ ಪಾಲೇ ದೊಡ್ಡದು. ತೂಕ ಹೆಚ್ಚಿದಂತೆ ಇಂಧನ ಹೆಚ್ಚು ಉರಿಯುತ್ತದೆ. ಪ್ರಯಾಣಿಕರ ಪೆಟ್ಟಿಗೆ ತುಂಬದ ಜಾಗದಲ್ಲಿ ಬಾಡಿಗೆ ಸರಕು ಸಾಗಿಸಬಹುದು. ಎಲ್ಲಕ್ಕಿಂತ ಮಿಗಿಲಾಗಿ, ವಿಮಾನವು ಹಾರುತ್ತಿರುವಾಗ ಮಾತ್ರ ಗಳಿಸುತ್ತದೆ, ನೆಲದಲ್ಲಿ ನಿಂತಿರುವಾಗ ಖರ್ಚು ಮಾತ್ರ. ಕಡಿಮೆ ದರದ ಸಂಸ್ಥೆಗಳು ಬಂದಿಳಿದ ವಿಮಾನವನ್ನು ಅರ್ಧ ಗಂಟೆಯ ಆಸುಪಾಸಿನಲ್ಲಿ ಮತ್ತೆ ಹೊರಡಿಸಲು ಯತ್ನಿಸುತ್ತವೆ. ಸುಮಾರು 180 ಜನರು ತಲೆಗೊಂದು ಚಕ್ರದ ಪೆಟ್ಟಿಗೆ ತಂದರೆ ತಲೆಯ ಮೇಲಿನ ಅರೆಗಳಲ್ಲಿ ಎಲ್ಲಕ್ಕೂ ಜಾಗವಿರುವುದಿಲ್ಲ, ಕೊನೆಗೆ ಹತ್ತಿದವರ ಚೀಲಗಳನ್ನು ಕೆಳಗಿಳಿಸುವಷ್ಟರಲ್ಲಿ ಹತ್ತು ನಿಮಿಷ ಕಳೆದಿರುತ್ತದೆ.

ಇಲ್ಲೊಂದು ವಿಪರ್ಯಾಸ ಉಂಟು. ಚೆಕ್-ಇನ್ ಲಗೇಜಿಗೆ ಶುಲ್ಕ ವಿಧಿಸಿದ್ದರಿಂದಲೇ ಜನರು ಎಲ್ಲವನ್ನೂ ಕೈಚೀಲದಲ್ಲಿ ತುರುಕಲಾರಂಭಿಸಿದರು. ಕೈಚೀಲಗಳು ಉಬ್ಬಿದ್ದರಿಂದ ಅವುಗಳಿಗೂ ಮಿತಿ ಹಾಗೂ ಶುಲ್ಕ ಬಂದವು. ಅಮೆರಿಕದಲ್ಲಿ ಈ ಸರಪಳಿ ಸ್ಪಷ್ಟವಾಗಿ ಕಾಣುತ್ತದೆ. ತೈಲ ಬೆಲೆ ಗಗನಕ್ಕೇರಿದ್ದ 2008ರಲ್ಲಿ ಅಮೆರಿಕನ್ ಏರ್‌ಲೈನ್ಸ್ ಮೊದಲ ಲಗೇಜಿಗೇ 15 ಡಾಲರ್ ಶುಲ್ಕ ವಿಧಿಸಿತು. ಎರಡೇ ವರ್ಷಗಳಲ್ಲಿ, 2010ರಲ್ಲಿ, ಸ್ಪಿರಿಟ್ ಸಂಸ್ಥೆ ಕ್ಯಾಬಿನ್ನಿನ ಕೈಚೀಲಕ್ಕೂ ಶುಲ್ಕ ಹಾಕಿತು. ತೈಲ ಬೆಲೆ ನಂತರ ಇಳಿಯಿತು, ಶುಲ್ಕ ಇಳಿಯಲಿಲ್ಲ. ಲಗೇಜು ಉಚಿತ ಎಂಬುದನ್ನೇ ತನ್ನ ಜಾಹೀರಾತು ಮಾಡಿಕೊಂಡಿದ್ದ ಸೌತ್‌ವೆಸ್ಟ್ ಸಂಸ್ಥೆ ಕೂಡ 2025ರ ಮೇ 28ರಿಂದ ಶುಲ್ಕ ವಸೂಲಿಗೆ ತೊಡಗಿತು.

ಯುರೋಪಿನಲ್ಲಿ ರಯನ್‌ಏರ್ ಸಂಸ್ಥೆಯು 2018ರ ನವೆಂಬರ್‌ನಿಂದ ಸಾಮಾನ್ಯ ಟಿಕೆಟ್ಟಿನವರು ಮುಂದಿನ ಆಸನದಡಿ ಹಿಡಿಸುವ ಸಣ್ಣ ಚೀಲವನ್ನು ಮಾತ್ರ ಉಚಿತವಾಗಿ ತರಬಹುದೆಂದು ನಿಯಮ ಮಾಡಿತು. 2025ರಲ್ಲಿ ಆ ಚೀಲದ ಅಳತೆಯನ್ನು 40, 30 ಮತ್ತು 20 ಸೆಂ.ಮೀ.ಗೆ ತುಸು ಹಿಗ್ಗಿಸಲಾಯಿತು. ಯುರೋಪಿಯನ್ ಒಕ್ಕೂಟದ ನ್ಯಾಯಾಲಯವು 2014ರ ಸೆಪ್ಟೆಂಬರ್‌ನಲ್ಲಿ ವ್ಯೂಲಿಂಗ್ ಸಂಸ್ಥೆಯ ಪ್ರಕರಣದಲ್ಲಿ ನೀಡಿದ ತೀರ್ಪು ಈ ವಿಷಯದಲ್ಲಿ ಮೈಲಿಗಲ್ಲಾಗಿದೆ. ಚೆಕ್-ಇನ್ ಲಗೇಜಿಗೆ ಪ್ರತ್ಯೇಕ ದರ ವಿಧಿಸಬಹುದು. ಆದರೆ ಸಮಂಜಸವಾದ ತೂಕ ಮತ್ತು ಅಳತೆಯ ಕೈಸಾಮಾನು ಪ್ರಯಾಣದ ಅವಿಭಾಜ್ಯ ಅಂಗವಾದ್ದರಿಂದ ಅದಕ್ಕೆ ಪ್ರತ್ಯೇಕ ಹಣ ಕೇಳುವಂತಿಲ್ಲ ಎಂದು ನ್ಯಾಯಾಲಯ ಹೇಳಿತು. ‘ಸಮಂಜಸ’ ಎಂದರೆ ಎಷ್ಟು ಸೆಂಟಿಮೀಟರ್ ಎಂದು ಮಾತ್ರ ಹೇಳಲಿಲ್ಲ. ವಿವಾದವೆಲ್ಲ ಆ ಒಂದು ಪದದಲ್ಲಿ ಉಳಿದುಕೊಂಡಿತು. 2024ರ ನವೆಂಬರ್‌ನಲ್ಲಿ ಸ್ಪೇನ್ ಸರ್ಕಾರವು ಕೈಚೀಲ ಶುಲ್ಕ ಮುಂತಾದ ಕಾರಣಗಳಿಗಾಗಿ ಐದು ಸಂಸ್ಥೆಗಳಿಗೆ ಒಟ್ಟು 17.9 ಕೋಟಿ ಯೂರೋ ದಂಡ ವಿಧಿಸಿತು. ಅದರಲ್ಲಿ ರಯನ್‌ಏರ್ ಪಾಲೇ ಸುಮಾರು 10.8 ಕೋಟಿ. ಸಂಸ್ಥೆಗಳು ಇದನ್ನು ನ್ಯಾಯಾಲಯದಲ್ಲಿ ಪ್ರಶ್ನಿಸಿದವು. ಅಷ್ಟೇ ಅಲ್ಲದೆ, ದರ ನಿರ್ಧರಿಸುವ ಸ್ವಾತಂತ್ರ್ಯವನ್ನು ಒಕ್ಕೂಟದ ಕಾನೂನೇ ಸಂಸ್ಥೆಗಳಿಗೆ ನೀಡಿದೆ ಎಂಬ ನೆಲೆಯಲ್ಲಿ ಯುರೋಪಿಯನ್ ಆಯೋಗವೇ 2025ರ ಅಕ್ಟೋಬರ್‌ನಲ್ಲಿ ಸ್ಪೇನಿನ ವಿರುದ್ಧ ಕ್ರಮ ಆರಂಭಿಸಿತು. ಗ್ರಾಹಕನ ಪರ ನಿಲ್ಲುವ ಕಾನೂನು ಮತ್ತು ಮುಕ್ತ ಮಾರುಕಟ್ಟೆಯ ಕಾನೂನು ಪರಸ್ಪರ ಎದುರಾದಾಗ ಏನಾಗುತ್ತದೆ ಎಂಬುದಕ್ಕೆ ನಮ್ಮ 2016-17ರ ಅನುಭವವೂ ಇದೇ ಬಗೆಯದು.

ಇವೆಲ್ಲಕ್ಕಿಂತ ಗಮನಿಸಬೇಕಾದ ಸಂಗತಿ ಮತ್ತೊಂದಿದೆ. ಅಮೆರಿಕದ ಸೆನೆಟ್ ಉಪಸಮಿತಿಯ 2024ರ ವರದಿಯ ಪ್ರಕಾರ ಸ್ಪಿರಿಟ್ ಮತ್ತು ಫ್ರಾಂಟಿಯರ್ ಸಂಸ್ಥೆಗಳು 2022 ಮತ್ತು 2023ರಲ್ಲಿ, ಮಿತಿ ಮೀರಿದ ಚೀಲಗಳನ್ನು ದ್ವಾರದಲ್ಲಿ ಹಿಡಿದುಕೊಟ್ಟ ಸಿಬ್ಬಂದಿ ಮುಂತಾದವರಿಗೆ 2.6 ಕೋಟಿ ಡಾಲರ್ ಪ್ರೋತ್ಸಾಹಧನ ನೀಡಿದ್ದವು. ರಯನ್‌ಏರ್ ಸಹ ಇಂತಹ ಪ್ರತಿ ಚೀಲಕ್ಕೆ ಸಿಬ್ಬಂದಿಗೆ ನೀಡುವ ಮೊತ್ತವನ್ನು 2025ರ ನವೆಂಬರ್‌ನಲ್ಲಿ ಒಂದೂವರೆ ಯೂರೋದಿಂದ ಎರಡೂವರೆ ಯೂರೋಗೆ ಏರಿಸಿತು. ಅಳೆಯುವವನಿಗೆ ಅಳತೆಯ ಫಲಿತಾಂಶದಲ್ಲಿ ಪಾಲು ಕೊಟ್ಟರೆ ಅಳತೆಯ ಮೇಲೆ ಜನರಿಗೆ ನಂಬಿಕೆ ಉಳಿಯುವುದು ಕಷ್ಟ. ಲೆಕ್ಕಪರಿಶೋಧನೆಯ ಅರಿವುಳ್ಳ ಯಾರೂ ಇಂತಹ ಏರ್ಪಾಡನ್ನು ಒಪ್ಪಲಾರರು.

ತಕ್ಕಡಿಯ ಪ್ರಶ್ನೆ

ನಮ್ಮಲ್ಲಿ ಈ ವಿಷಯದಲ್ಲಿ ಒಂದು ರಕ್ಷಣೆ ಇದೆ, ಬಳಸುವವರು ವಿರಳ. ಕಾನೂನು ಮಾಪನಶಾಸ್ತ್ರ ಕಾಯ್ದೆ, 2009ರ ಅನ್ವಯ ಹಣದ ವ್ಯವಹಾರಕ್ಕೆ ಆಧಾರವಾಗುವ ಯಾವುದೇ ತೂಕದ ಯಂತ್ರವು ಪರಿಶೀಲನೆಗೊಂಡು ಮುದ್ರೆ ಪಡೆದಿರತಕ್ಕದ್ದು. ಎಲೆಕ್ಟ್ರಾನಿಕ್ ತೂಕದ ಯಂತ್ರಗಳನ್ನು 12 ತಿಂಗಳಿಗೊಮ್ಮೆ ಮರುಪರಿಶೀಲನೆಗೆ ಒಳಪಡಿಸಬೇಕು. ಕಿಲೋ ಲೆಕ್ಕದಲ್ಲಿ ಶುಲ್ಕ ಪಡೆಯುವ ಕೌಂಟರಿನ ತೂಕದ ಯಂತ್ರವು ಸಂತೆಯ ತಕ್ಕಡಿಗಿಂತ ಬೇರೆಯಲ್ಲ. ಟೊಮೆಟೊ ಕೊಳ್ಳುವಾಗ ತಕ್ಕಡಿಯ ಮುಳ್ಳನ್ನು ದಿಟ್ಟಿಸಿ ನೋಡುವ ಗೃಹಿಣಿಯು, ಎರಡು ಸಾವಿರ ರೂಪಾಯಿ ಶುಲ್ಕ ಕೇಳುವ ಯಂತ್ರದ ಮೇಲೆ ಮುದ್ರೆ ಇದೆಯೇ, ಚೀಲ ಇಡುವ ಮುನ್ನ ಪರದೆಯಲ್ಲಿ ಸೊನ್ನೆ ತೋರಿಸುತ್ತಿದೆಯೇ ಎಂದು ನೋಡುವುದಿಲ್ಲ. ಕೈಚೀಲವನ್ನು ತೂಗು ಹಾಕುವ ಸಣ್ಣ ಯಂತ್ರಕ್ಕೂ, ಅದರ ಆಧಾರದ ಮೇಲೆ ಹಣ ಕೇಳುವುದಾದರೆ, ಇದೇ ನಿಯಮ. ಸಂದೇಹವಿದ್ದಲ್ಲಿ ಬೇರೊಂದು ಕೌಂಟರಿನಲ್ಲಿ ಮರುತೂಕ ಮಾಡುವಂತೆ ಸೌಜನ್ಯದಿಂದ ಕೋರಬಹುದು.

ಒಂದು ಉದಾಹರಣೆಯನ್ನು ಪರಿಗಣಿಸಬಹುದು. ಒಬ್ಬ ಪ್ರಯಾಣಿಕನ ಉಚಿತ ಮಿತಿ 15 ಕಿ.ಗ್ರಾಂ., ಆತನ ಚೀಲದ ತೂಕ 18.3 ಕಿ.ಗ್ರಾಂ., ಕೌಂಟರಿನ ದರ ಕಿಲೋಗೆ ರೂ. 500 ಎಂದಿಟ್ಟುಕೊಂಡಲ್ಲಿ, ಹೆಚ್ಚುವರಿ 3.3 ಕಿ.ಗ್ರಾಂ. ಅನ್ನು 4 ಎಂದು ಪರಿಗಣಿಸಿದರೆ ರೂ. 2,000/- ತೆರಬೇಕಾಗುತ್ತದೆ. ಮೂರು ಎಂದು ಪರಿಗಣಿಸಿದರೆ ರೂ. 1,500/-. ಯಂತ್ರದ ಮುನ್ನೂರು ಗ್ರಾಂ ವ್ಯತ್ಯಾಸಕ್ಕೆ ಐನೂರು ರೂಪಾಯಿ ಬೆಲೆ ಇದೆ. ಅದೇ ಪಿ.ಎನ್.ಆರ್. ಸಂಖ್ಯೆಯಡಿ ಪಯಣಿಸುತ್ತಿರುವ ಆತನ ಪತ್ನಿಯ ಚೀಲ 9 ಕಿ.ಗ್ರಾಂ. ಮಾತ್ರ ಇದ್ದಲ್ಲಿ ಒಟ್ಟು ತೂಕವನ್ನು ಪರಿಗಣಿಸುವಂತೆ ಕೇಳಬೇಕು. ಒಪ್ಪದಿದ್ದರೆ ನಾಲ್ಕು ಕಿಲೋ ಸಾಮಾನನ್ನು ಆ ಚೀಲಕ್ಕೆ ಸಾಗಿಸಿದರೆ ಶುಲ್ಕವೇ ಬರುವುದಿಲ್ಲ. ಕೌಂಟರಿನಲ್ಲಿ ಇದನ್ನು ತಾವಾಗಿ ಹೇಳುವವರು ಕಡಿಮೆ.

ರೈಲು ಮತ್ತು ಬಸ್ಸಿನೊಡನೆ ಹೋಲಿಸಿದರೆ ವ್ಯತ್ಯಾಸ ತಿಳಿಯುತ್ತದೆ. ರೈಲಿನ ಸ್ಲೀಪರ್ ದರ್ಜೆಯಲ್ಲಿ 40 ಕಿ.ಗ್ರಾಂ., ಎರಡನೇ ದರ್ಜೆಯಲ್ಲಿ 35 ಕಿ.ಗ್ರಾಂ. ಉಚಿತ. ರಾಜ್ಯ ಸಾರಿಗೆ ಬಸ್ಸಿನಲ್ಲಿ 30 ಕಿ.ಗ್ರಾಂ. ಅದನ್ನು ಮೀರಿದರೆ ನಿರ್ವಾಹಕರು ಲಗೇಜು ಟಿಕೆಟ್ ಕೊಡುತ್ತಾರೆ. ಕೋಳಿಗೆ ಅರ್ಧ ಟಿಕೆಟ್ ಕೊಟ್ಟ ಸುದ್ದಿಯನ್ನು ಓದಿ ನಕ್ಕವರೂ ಇದ್ದಾರೆ. ಆದರೆ ಆ ದರ ಇಂದಿಗೊಂದು ನಾಳೆಗೊಂದು ಆಗುವುದಿಲ್ಲ, ಮೊದಲೇ ಕೊಂಡರೆ ಒಂದು ಬೆಲೆ ಬಸ್ಸು ಹತ್ತುವಾಗ ಮೂರರಷ್ಟು ಬೆಲೆ ಎಂಬುದೂ ಇಲ್ಲ.

ಹೆಚ್ಚು ಹೊರೆ ಯಾರ ಮೇಲೆ

ಪದೇ ಪದೇ ಪಯಣಿಸುವವರಿಗೆ ಈ ನಿಯಮಗಳು ಬಾಯಿಪಾಠ. ಸಂಸ್ಥೆಯ ಆ್ಯಪ್‌ನಲ್ಲಿ ಮುಂಚಿತವಾಗಿ ಹೆಚ್ಚುವರಿ ಕಿಲೋಗಳನ್ನು ಕೊಂಡರೆ ಅಗ್ಗ ಎಂಬುದು ಅವರಿಗೆ ಗೊತ್ತು. ಕೌಂಟರಿನ ದುಬಾರಿ ದರ ತೆರುವವರು ಮೊದಲ ಬಾರಿ ಪಯಣಿಸುವವರು, ವೃದ್ಧ ತಂದೆತಾಯಿಗಳು, ಏಜೆಂಟರ ಮೂಲಕ ಟಿಕೆಟ್ ಪಡೆದು ಅದರ ಷರತ್ತುಗಳ ಪುಟವನ್ನೇ ಕಾಣದವರು. ಮಂಗಳೂರಿನಿಂದ ಕೊಲ್ಲಿ ರಾಷ್ಟ್ರಗಳಿಗೆ ಹೋಗಿ ದುಡಿಯುವವರ ಸಂಗತಿಯಂತೂ ಪ್ರತ್ಯೇಕವಾಗಿ ಹೇಳಬೇಕಾದದ್ದು. ಎರಡು ವರ್ಷಕ್ಕೊಮ್ಮೆ ಊರಿಗೆ ಬರುವವನ ಪೆಟ್ಟಿಗೆಯಲ್ಲಿ ಮನೆಯವರೆಲ್ಲರ ಹೆಸರಿನ ಒಂದೊಂದು ವಸ್ತು ಇರುತ್ತದೆ. ಹೊರಡುವ ಗಡಿಬಿಡಿಯಲ್ಲಿ ಪೆಟ್ಟಿಗೆಯನ್ನು ನೆಲದ ಮೇಲೆ ಬಿಚ್ಚಿ, ಯಾರ ವಸ್ತುವನ್ನು ಬಿಡುವುದು ಎಂದು ಸಾಲಿನಲ್ಲಿ ನಿಂತವರೆಲ್ಲರ ಎದುರು ನಿರ್ಧರಿಸುವ ಸ್ಥಿತಿ ಆತನಿಗೆ ಬರುತ್ತದೆ. ಅಂತರರಾಷ್ಟ್ರೀಯ ಮಾರ್ಗಗಳಲ್ಲಿ ಉಚಿತ ಮಿತಿಯು ದರದ ವಿಧ ಹಾಗೂ ಮಾರ್ಗಕ್ಕೆ ಅನುಗುಣವಾಗಿ ಬದಲಾಗುತ್ತದೆ. ಹೋಗುವಾಗಿನ ಟಿಕೆಟ್ಟಿನ ಮಿತಿಯೇ ಬರುವಾಗಲೂ ಇರುತ್ತದೆ ಎಂದು ಭಾವಿಸಬಾರದು. ಏಜೆಂಟರಿಂದ ಟಿಕೆಟ್ ಪಡೆಯುವಾಗ ಲಗೇಜಿನ ಮಿತಿಯನ್ನು ಟಿಕೆಟ್ಟಿನ ಪ್ರತಿಯಲ್ಲೇ ಓದಿ ನೋಡಬೇಕು. ‘ಮೂವತ್ತು ಕಿಲೋ ಇದೆ ಮಾರಾಯ್ರೇ’ ಎಂಬ ಬಾಯಿಮಾತು ಕೌಂಟರಿನಲ್ಲಿ ಉಪಯೋಗಕ್ಕೆ ಬರುವುದಿಲ್ಲ.

ತೋರಿಸುವ ಬೆಲೆ, ತೆರುವ ಬೆಲೆ

ಜಾಲತಾಣದ ಮೊದಲ ಪುಟದಲ್ಲಿ ಒಂದು ದರ, ಹಣ ಪಾವತಿಸುವ ಪುಟದಲ್ಲಿ ಇನ್ನೊಂದು ದರ ಎಂಬ ದೂರು ಹಳೆಯದು. ಕೇಂದ್ರ ಗ್ರಾಹಕ ಸಂರಕ್ಷಣಾ ಪ್ರಾಧಿಕಾರವು 2023ರ ನವೆಂಬರ್ 30ರಂದು ಅಧಿಸೂಚಿಸಿದ ಮಾರ್ಗಸೂಚಿಗಳಲ್ಲಿ ಗ್ರಾಹಕರನ್ನು ದಾರಿ ತಪ್ಪಿಸುವ 13 ಬಗೆಯ ತಂತ್ರಗಳನ್ನು ಹೆಸರಿಸಿ ನಿಷೇಧಿಸಲಾಗಿದೆ. ಬೆಲೆಯನ್ನು ಹನಿಹನಿಯಾಗಿ ಹೊರಗೆಡಹುವುದು, ಕೇಳದ ಸೇವೆಯನ್ನು ಬುಟ್ಟಿಗೆ ಸೇರಿಸುವುದು ಇವುಗಳಲ್ಲಿ ಸೇರಿವೆ. ಮಾರ್ಗಸೂಚಿಗಳು ವಿಮಾನ ಟಿಕೆಟ್ಟಿನ ಉದಾಹರಣೆಯನ್ನೇ ನೀಡುತ್ತವೆ: ವಿಮೆ ಬೇಡವೆಂದವನ ಮುಂದೆ ‘ನಾನು ಅಸುರಕ್ಷಿತನಾಗಿಯೇ ಇರುತ್ತೇನೆ’ ಎಂಬ ಅರ್ಥದ ಗುಂಡಿಯನ್ನಿಟ್ಟು ಅದನ್ನು ಒತ್ತುವಂತೆ ಮಾಡುವುದು ಗ್ರಾಹಕನನ್ನು ನಾಚಿಸಿ ಮಾರುವ ಕೃತ್ಯ. ಆಸನ ಶುಲ್ಕದ ವಿಷಯದಲ್ಲಿ, 12 ವರ್ಷದವರೆಗಿನ ಮಕ್ಕಳಿಗೆ ಅದೇ ಪಿ.ಎನ್.ಆರ್.ನಲ್ಲಿ ಪಯಣಿಸುವ ಪೋಷಕರಲ್ಲಿ ಒಬ್ಬರ ಪಕ್ಕದಲ್ಲಾದರೂ ಜಾಗ ಕೊಡಬೇಕೆಂದು ಡಿ.ಜಿ.ಸಿ.ಎ. 2024ರ ಏಪ್ರಿಲ್‌ನಲ್ಲಿ ಸೂಚಿಸಿದೆ. ಆದ್ದರಿಂದ ಮಗುವಿನ ಪಕ್ಕ ಕೂರುವುದಕ್ಕಾಗಿ ಹಣ ಕೊಟ್ಟು ಆಸನ ಕೊಳ್ಳುವ ಅಗತ್ಯವಿರುವುದಿಲ್ಲ.

ಎರಡು ಸಂಸ್ಥೆಗಳ ದರವನ್ನು ಹೋಲಿಸುವಾಗ ಲಗೇಜು, ಆಸನ ಮತ್ತು ಪಾವತಿ ಶುಲ್ಕಗಳನ್ನು ಸೇರಿಸಿದ ಅಂತಿಮ ಮೊತ್ತವನ್ನೇ ಹೋಲಿಸತಕ್ಕದ್ದು. ವಿಮಾನ ಹತ್ತುವ ದ್ವಾರದಲ್ಲಿ ಸಿಬ್ಬಂದಿಯು ಕೈಚೀಲವನ್ನು ಸರಕು ಕೋಣೆಗೆ ಕಳುಹಿಸುವುದಾಗಿ ಪಡೆದಲ್ಲಿ ಔಷಧಿ, ಆಭರಣ, ದಾಖಲೆ ಹಾಗೂ ಪವರ್ ಬ್ಯಾಂಕ್ ತೆಗೆದಿಟ್ಟುಕೊಂಡು ಗುರುತಿನ ಚೀಟಿ ಪಡೆಯಬೇಕು. ತೆತ್ತ ಪ್ರತಿ ಶುಲ್ಕಕ್ಕೂ ತೂಕ ಮತ್ತು ದರ ನಮೂದಿಸಿದ ರಸೀದಿ ಕೇಳಿ ಪಡೆಯಬೇಕು. ರಸೀದಿ ಇಲ್ಲದ ದೂರು ನಿಲ್ಲುವುದು ಕಷ್ಟ.

ದೂರನ್ನು ಮೊದಲು ಸಂಸ್ಥೆಗೆ, ತೃಪ್ತಿಕರ ಉತ್ತರ ಬಾರದಿದ್ದಲ್ಲಿ ನಾಗರಿಕ ವಿಮಾನಯಾನ ಸಚಿವಾಲಯದ ಏರ್‌ಸೇವಾ ತಾಣದಲ್ಲಿ ಅಥವಾ ರಾಷ್ಟ್ರೀಯ ಗ್ರಾಹಕ ಸಹಾಯವಾಣಿ 1915ಕ್ಕೆ ಸಲ್ಲಿಸಬಹುದು. ಗ್ರಾಹಕ ಸಂರಕ್ಷಣಾ ಕಾಯ್ದೆ, 2019ರ ಅನ್ವಯ ದೂರುದಾರರು ತಾವು ವಾಸವಿರುವ ಜಿಲ್ಲೆಯ ಗ್ರಾಹಕ ಆಯೋಗದಲ್ಲಿಯೇ ಪ್ರಕರಣ ದಾಖಲಿಸಬಹುದು. ಸಂಸ್ಥೆಯ ಕಚೇರಿ ಇರುವ ಊರಿಗೆ ಹೋಗಬೇಕಾಗಿಲ್ಲ. ಕೊಂಡ ಸೇವೆಯ ಮೌಲ್ಯ ರೂ. 5 ಲಕ್ಷದೊಳಗಿದ್ದರೆ ದೂರಿಗೆ ಶುಲ್ಕವಿರುವುದಿಲ್ಲ. ತೂಕದ ಯಂತ್ರದ ಮುದ್ರೆ ಕುರಿತ ದೂರನ್ನು ಆಯಾ ಜಿಲ್ಲೆಯ ಕಾನೂನು ಮಾಪನಶಾಸ್ತ್ರ ಅಧಿಕಾರಿಗಳಿಗೆ, ಕೌಂಟರ್ ಸಂಖ್ಯೆ, ದಿನಾಂಕ ಮತ್ತು ಸಮಯದೊಡನೆ ಲಿಖಿತವಾಗಿ ನೀಡಬಹುದಾಗಿದೆ.